ದೀಪ ಹಚ್ಚಿದ ಮೇಲೆ

ಗ್ರಿಮ್ಸ್‌ಬಿಯಲ್ಲಿ ಡಿಸೆಂಬರ್ ಅಂದರೆ
ಮಧ್ಯಾಹ್ನ ಮೂರೂವರೆಗೇ ಸಂಜೆ.
ಮೀನಿನ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ
ಕೈಗೆ ಎರಡು ಸಲ ನಿಂಬೆ ಉಜ್ಜಿ
ಚರ್ಚಿನ ಹಿಂಬಾಗಿಲಲ್ಲಿ ಪಟ್ಟಿ ಇಸಿದುಕೊಂಡೆ.
ಈ ಗುರುವಾರ ನನ್ನ ಪಾಲಿಗೆ ಮೂರು ಮನೆ.

ಮೊದಲನೆಯದಕ್ಕೆ ಸೂಪು, ಮಗುವಿನ ಡೈಪರ್.
ಎರಡನೆಯ ಮನೆ ಬಾಗಿಲು ತೆರೆಯಲಿಲ್ಲ;
ಪರದೆ ಅಲುಗಿತು. ಚೀಲ ಮೆಟ್ಟಿಲ ಮೇಲಿಟ್ಟು
ನೋಡಲಿಲ್ಲವೆಂಬಂತೆ ಬೆನ್ನು ತಿರುಗಿಸಿ ಬಂದೆ.
ಮೂರನೆಯದು ವಿಲ್ಫ್ ಬ್ರಾಕಲ್ಸ್‌ಬಿ, ಎಂಬತ್ಮೂರು.
ಹೆಸರಿನ ಮುಂದೆ ಪಾದ್ರಿಯಮ್ಮನ ಅಕ್ಷರದಲ್ಲಿ ಒಂದೇ ಪದ:
ಉಗುರು.

"ಯೇಸು ಗೀಸು ಅಂದರೆ ಬಾಗಿಲು ಅಲ್ಲೇ ಇದೆ.
ಕತ್ತರಿ ತಂದಿದ್ದೀಯಾ?"
ತಂದಿದ್ದೆ.
ಮೀಟರಿನಲ್ಲಿ ದುಡ್ಡು ಮುಗಿದು
ಮಂಗಳವಾರದಿಂದ ಟೀವಿ ಕೂಡ ಮಾತಾಡಿಲ್ಲವಂತೆ.
ಕೋಟು ತೊಟ್ಟೇ ಕುರ್ಚಿಯಲ್ಲಿ ಕೂತಿದ್ದ,
ಈಗ ಬಸ್ಸು ಬರುತ್ತದೆಂದು ಯಾರೋ ಹೇಳಿಹೋದ ಹಾಗೆ.
"ಕೀಲಿ ಕೊಡು, ಅಂಗಡಿಗೆ ಹೋಗಿ ತುಂಬಿಸಿ ತರುತ್ತೇನೆ" ಅಂದೆ.
"ಭಿಕ್ಷೆ ಬೇಡ. ಉಗುರಷ್ಟೇ."

ಕಿಟಕಿಯ ಬಳಿ ಇನ್ನೂ ಒಂದಿಷ್ಟು ಬೆಳಕಿತ್ತು.
ಚಹಾಕ್ಕೆಂದು ತಂದ ಥರ್ಮಾಸಿನ ಬಿಸಿನೀರು
ಬೋಗುಣಿಗೆ ಸುರಿದೆ.
ಕಾಲುಚೀಲ ಚರ್ಮಕ್ಕೆ ಅಂಟಿತ್ತು,
ನೆನೆಸಿ ನೆನೆಸಿ ಸುಲಿದೆ.
ಎಡಗಾಲಿಗೆ ಮೂರೇ ಬೆರಳು.
"ಉಳಿದೆರಡು ಐಸ್‌ಲ್ಯಾಂಡಿನ ಕಡೆ ಬಿಟ್ಟುಬಂದೆ," ಅಂದ,
"ಮೀನಿಗೆ ಬದಲಿ."
ಉಗುರೋ, ಟಗರಿನ ಕೊಂಬಿನಂತೆ ತಿರುಚಿ
ಪಕ್ಕದ ಬೆರಳನ್ನೇ ಹೊಕ್ಕಿತ್ತು.

ನಿಜ ಹೇಳುತ್ತೇನೆ: ಆಗ ನನ್ನೊಳಗೆ ಪ್ರೀತಿ ಹುಟ್ಟಲಿಲ್ಲ.
ವಾಸನೆ ಬಂತು. ಬಾಯಿಂದ ಉಸಿರೆಳೆದೆ.
ನಮ್ಮ ಮನೆಯ ಗ್ಯಾಸಿನ ಬಿಲ್ಲು ನೆನಪಾಯಿತು,
ನಾಲ್ಕೂ ನಲವತ್ತರ ಬಸ್ಸು ನೆನಪಾಯಿತು,
ಆಮೇಲೆ, ತಡವಾಗಿ, ಅವ್ವ.

ಬೆಟಗೇರಿಯ ಮಿಷನ್ ಆಸ್ಪತ್ರೆಯ ಜಗಲಿಯಲ್ಲಿ
ಕೆಂಪು ಸೋಪಿನ ಅರ್ಧ ತುಂಡು ಹಿಡಿದು
ಹುಣ್ಣಿನ ಕಾಲುಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಅವ್ವ ಪ್ರಾರ್ಥಿಸಿದ್ದು ಕಡಿಮೆ, ಬೈದದ್ದೇ ಹೆಚ್ಚು:
"ದೇವರ ಮುಂದ ಮಾರಿ ತೋರಸ್ತಿ,
ನನ್ನ ಮುಂದ ಕಾಲು ತೋರಸಾಕ ನಾಚಿಕಿ ಏನೋ ನಿನಗ?"
ಬೈಗುಳ ಮುಗಿಯುವುದರೊಳಗೆ ಕಾಲು ಹಸನಾಗುತ್ತಿತ್ತು.

ನಾನೂ ಬೈದೆ, ಕನ್ನಡದಲ್ಲೇ.
ವಿಲ್ಫ್ ತಲೆ ಓರೆ ಮಾಡಿ ಕೇಳಿಸಿಕೊಂಡ. "ಅದು ಪ್ರಾರ್ಥನೆಯೋ?"
"ಅಲ್ಲ."
"ಹಾಗಾದರೆ ಮುಂದುವರಿಸು."

ತುಂಡುಗಳು ಹಳೆಯ ಪತ್ರಿಕೆಯ ಮೇಲೆ ಉದುರಿದವು,
ಕುದುರೆ ಪಂದ್ಯದ ಮೇಲೋ, ಸತ್ತವರ ಪಟ್ಟಿಯ ಮೇಲೋ,
ಕಾಣುತ್ತಿರಲಿಲ್ಲ.
ಎಡಗಾಲು ಮುಗಿಯಿತು. ಬೆಳಕೂ ಮುಗಿಯಿತು.
ಬೆರಳೂ ಕತ್ತರಿಯೂ ಒಂದೇ ಬಣ್ಣ.
ಆ ಕತ್ತಲಲ್ಲಿ ಕೋಟಿನ ಜೇಬು ಸರಸರ ಅಂತು.
ಏನೂ ಹೇಳದೆ
ಮೀಟರಿನ ಕೀಲಿ ನನ್ನ ಅಂಗೈಗೆ ಒತ್ತಿದ.

ಮೂಲೆಯಂಗಡಿಗೆ ಓಡಿ
ಚರ್ಚಿನ ಲಕೋಟೆಯ ಹತ್ತು ಪೌಂಡು ತುಂಬಿಸಿ ತಂದು
ಸಿಕ್ಕಿಸಿದೆ. ಟಪ್ ಎಂದಿತು ಏನೋ.
ಫ್ರಿಜ್ಜು ಗೊಣಗಿತು. ಟೀವಿ ಎಚ್ಚೆತ್ತು ಹವಾಮಾನ ಹೇಳಿತು.
ತಲೆಯ ಮೇಲಿನ ಬಲ್ಬು ಹತ್ತಿತು.

ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು,
ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು
ಗೋಡೆಯಾಚೆಯ ನೀಲವ್ವ ಹೇಳುತ್ತಿದ್ದಳು.
ಬೈಬಲ್ಲಿನಲ್ಲಿಲ್ಲದ ಮಾತು; ಆದರೂ ಅವ್ವ ಪಾಲಿಸುತ್ತಿದ್ದಳು,
"ನೀಲವ್ವನ ಮನಸಿಗೆ ಯಾಕ ನೋವು" ಎಂದು.
ಕತ್ತರಿ ಹಿಡಿದ ಕೈ ಅಲ್ಲೇ ನಿಂತಿತು.

ಸುತ್ತ ನೋಡಿದೆ. ಒಂದು ಕುರ್ಚಿ, ಒಂದು ತಟ್ಟೆ,
ಫೋಟೋ ಇದ್ದ ಜಾಗದಲ್ಲಿ ಮೊಳೆ.
ಹೊರಟುಹೋಗಲು ಇಲ್ಲಿ ಯಾರಿದ್ದಾರೆ, ನೀಲವ್ವ?

"ಏನಾಯಿತು?" ಅಂದ ವಿಲ್ಫ್. "ಬಲಗಾಲು ಉಳಿದಿದೆ."
ತಾನೇ ಕಾಲುಚೀಲ ಅರ್ಧ ಎಳೆದು
ಪಾದವನ್ನು ನನ್ನ ತೊಡೆಯ ಮೇಲಿಟ್ಟ.
ಇದಕ್ಕೆ ಐದೂ ಬೆರಳು.

ನಾಲ್ಕೂ ನಲವತ್ತರ ಬಸ್ಸು
ಒಳಗೆಲ್ಲ ದೀಪ ಹೊತ್ತು
ಕಿಟಕಿಯಾಚೆ ಹೋಯಿತು.